ಜಾಗ ಬಿಟ್ಟ ನಾಲ್ಕು ಸಾಲು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಾಳೆ. ಇರಲಿ. ಅದಿಲ್ಲದಿದ್ದರೆ ಈ ಆಲ್ಬಂ ಆಗುತ್ತಿರಲಿಲ್ಲ.

ಆಳಂದದಲ್ಲಿ ಅಪ್ಪನ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ನಾನು ಹಾಡು ಮಿಕ್ಸ್ ಮಾಡುತ್ತೇನೆ. ಮದುವೆ ವಿಡಿಯೋ, ಡಿಜೆ, ಭಜನೆ, ಯಾವುದನ್ನೂ ಒಲ್ಲೆ ಎನ್ನುವುದಿಲ್ಲ. ನನಗೆ ಈ ಹುಚ್ಚು ಹಿಡಿಸಿದವರು ಇಬ್ಬರು. ಒಬ್ಬರು ಅಫಜಲಪುರದಲ್ಲಿ ಟಂಟಂ ಆಟೊ ಓಡಿಸುತ್ತಾರೆ, ಇನ್ನೊಬ್ಬರು ಜೇವರ್ಗಿಯಲ್ಲಿ ಬಟ್ಟೆ ಹೊಲಿಯುತ್ತಾರೆ. ನಾನು ಶಾಲೆಯಲ್ಲಿದ್ದಾಗ ಇವರು ನಮ್ಮ ಬಾಯಿಮಾತಿನಲ್ಲಿ ರ‍್ಯಾಪ್ ಹಾಡಿದರು. ನಮ್ಮ ಕಡೆ ಅದನ್ನು ಮೊದಲು ಮಾಡಿದವರೇ ಅವರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಹಾಡುಗಳು ಮೆಮೊರಿ ಕಾರ್ಡಿನಿಂದ ಕಾರ್ಡಿಗೆ ಹೋಗಿ ಮಹಾರಾಷ್ಟ್ರದ ಗಡಿಯ ಹಿರೋಳ್ಳಿಯವರೆಗೂ ಮುಟ್ಟಿದವು. "ಇದೇನ್ ಹಾಡೋ ಜಗಳೋ" ಎಂದು ಹಿರಿಯರು ಮೂಗು ಮುರಿದರು. ನಾವು ಮನೆಯಲ್ಲಿ ಆಡುವ ಮಾತನ್ನು ಹಾಡಿನಲ್ಲೂ ಇಡಬಹುದು ಎಂದು ನನಗೆ ಗೊತ್ತಾದದ್ದು ಆಗಲೇ.

ಆಮೇಲೆ ಜೇವರ್ಗಿಯ ಅಣ್ಣನಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಪಿಸುಗುಡುತ್ತಾರೆ ಅಷ್ಟೇ. ಅವರ ದನಿ ಇರುವುದು ಆ ಹಳೆಯ ರೆಕಾರ್ಡಿಂಗಿನಲ್ಲಿ ಮಾತ್ರ. ಅದಕ್ಕೇ ಇಬ್ಬರ ಹಾಡುಗಳಿಗೂ ಹೊಸ ಬೀಟ್ ಕೂಡಿಸಿ, ಅವರ ಗೌರವಕ್ಕೆಂದು ರಿಮಿಕ್ಸ್ ಆಲ್ಬಂ ಮಾಡಲು ಕುಳಿತೆ.

ಬೆಂಗಳೂರಿನ ಒಂದು ಕಂಪನಿಯವರು ಇದನ್ನು ನಾವೇ ಹೊರತರುತ್ತೇವೆ ಎಂದರು. ಒಂದು ವಾರ ನಾನು ನೆಲದ ಮೇಲಿರಲಿಲ್ಲ. ಆಮೇಲೆ ಫೋನು ಬಂತು.

"ಮೇಡಂ, ಜೇವರ್ಗಿಯವರ ವಾಯ್ಸ್ ಕ್ಲಿಯರ್ ಇಲ್ಲ. ಹಿಂದೆ ಆಡು ಬೇರೆ ಕೂಗುತ್ತೆ. ನಮ್ಮ ಹುಡುಗನ ಹತ್ರ ಹಾಡಿಸೋಣ, ಭಾಷೆನೂ ಸ್ವಲ್ಪ ಸರಿ ಮಾಡ್ಕೊಳ್ಳೋಣ. ಅವರ ಹೆಸರು ಹಾಕ್ತೀವಿ."

ನನಗೆ ಮೈಯೆಲ್ಲ ಉರಿಯಿತು.

"ದನಿ ತೆಗೆದು ಹೆಸರು ಹಾಕ್ತೀರಿ, ಅದಕ್ಕ ಗೌರವ ಅಂತೀರೇನ್ರಿ? ಆಡು ನಮ್ದೇ ಅದರಿ, ಒದರ್ಲಿ."

ಆತ ಜಗ್ಗಲಿಲ್ಲ. ಕೊನೆಯ ಹಾಡಿನ ವಿಷಯ ಎತ್ತಿದ. ಅದನ್ನು ಹಿಂದೆ ರೆಕಾರ್ಡ್ ಮಾಡುವಾಗ ಮೊಬೈಲಿನ ಚಾರ್ಜ್ ಮುಗಿದು, ಜೇವರ್ಗಿಯವರ ಸರದಿಯ ಕೊನೆಯ ನಾಲ್ಕು ಸಾಲು ಹೋಗಿಬಿಟ್ಟಿದ್ದವು. ನಾನು ಅಲ್ಲಿ ಬರೀ ಬೀಟ್ ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದೆ. ಅವರಿಬ್ಬರೂ ಸರದಿಯ ಮೇಲೆ ಹಾಡುವುದನ್ನು ಕಲಿತದ್ದು ಮೊಹರಂ ಪದದ ಮೇಳದಲ್ಲಿ. ಅಲ್ಲಿ ಲಿಂಗಾಯತರೂ ಮುಸಲ್ಮಾನರೂ ಕೂಡಿಯೇ ಹೆಜ್ಜೆ ಹಾಕುತ್ತಾರೆ. ಮುಂದೆ ಹಾಡುವವನ ಗಂಟಲು ಕಟ್ಟಿದರೆ ಅವನ ಸಾಲನ್ನು ಇನ್ನೊಬ್ಬ ಎತ್ತಿಕೊಳ್ಳಬಾರದು, ಅದು ಆ ಮೇಳದ ಪದ್ಧತಿ. ಉಳಿದವರು ತಾಳ ಬಿಡದೆ ಕಾಯಬೇಕು. ಅವನು ಹಾಡಲಿ, ಬಿಡಲಿ, ಅಷ್ಟು ಜಾಗ ಅವನದೇ.

"ಖಾಲಿ ಹಾಡು ಯಾರು ಕೇಳ್ತಾರೆ ಮೇಡಂ? ನಮ್ಮ ಹುಡುಗ ಹಾಡಿದರೆ ರಿಲೀಸ್, ಇಲ್ಲಾಂದ್ರೆ ಬೇಡ" ಎಂದು ಆತ ಫೋನಿಟ್ಟ.

ಆ ಭಾನುವಾರ ಇಬ್ಬರನ್ನೂ ಕರೆಸಿದೆ. ಅವ್ವ ಚುರುಮುರಿ ಸುಸಲಾ, ಚಹಾ ಕೊಟ್ಟಳು. ಸಂಗತಿ ಹೇಳಿದೆ. ಜೇವರ್ಗಿಯ ಅಣ್ಣ ನನ್ನ ಹತ್ತಿರ ಬಾಗಿ ಪಿಸುಗುಟ್ಟಿದರು: "ಆ ಹುಡುಗನೇ ಹಾಡ್ಲಿ ಬಿಡು ತಂಗಿ. ಹಾಡು ಮಂದಿಗಿ ಮುಟ್ಟಿದ್ರ ಸಾಕು."

ನನಗೆ ಅವರ ಮೇಲೂ ಸಿಟ್ಟು ಬಂತು. "ನೀವು ಮೊದಲು ಕೇಳ್ರಿ ಅಣ್ಣಾ, ಆಮ್ಯಾಲ ದೊಡ್ಡ ಮನಸ್ಸು ಮಾಡ್ರಿ" ಎಂದು ಕೊನೆಯ ಹಾಡು ಹಚ್ಚಿದೆ.

ಅವರ ಹಳೆಯ ದನಿ ಕೋಣೆಯಲ್ಲಿ ತುಂಬಿತು. ಆಡು ಒದರಿದಾಗ ನಕ್ಕರು. ಖಾಲಿ ಜಾಗ ಬಂದಾಗ ನಗು ನಿಂತಿತು. ಅಫಜಲಪುರದ ಅಣ್ಣ ಮೇಳದಲ್ಲಿ ಹಾಕುವ ಹಾಗೆ ನೆಲಕ್ಕೆ ಹೆಜ್ಜೆ ಬಡಿಯತೊಡಗಿದರು. ನಾನೂ ಚಪ್ಪಾಳೆ ಹಾಕಿದೆ. ನಾಲ್ಕು ಸಾಲು ಹಾಗೇ ದಾಟಿ ಹೋದವು.

"ಮತ್ತ ಹಚ್ಚು" ಎಂದು ಜೇವರ್ಗಿಯ ಅಣ್ಣ ಮೈಕಿಗೆ ಕೈ ಚಾಚಿದರು.

ಮತ್ತೆ ಹಚ್ಚಿದೆ. ಜಾಗ ಬಂತು, ಅವರು ಹಾಡಿದರು. ದನಿಯೇ ಇಲ್ಲ, ಬರೀ ಉಸಿರು, ತುಟಿ, ಹಲ್ಲು. ಆದರೆ ಒಂದು ಅಕ್ಷರವೂ ತಾಳ ತಪ್ಪಲಿಲ್ಲ, ಒಂದು ಶಬ್ದವೂ ಮರೆತಿರಲಿಲ್ಲ. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ಈಗ ಜಾಗ ಖಾಲಿ ಇಲ್ಲವಲ್ಲ ಎಂದು ಅದನ್ನು ಹಾಗೆಯೇ ಕಂಪನಿಗೆ ಕಳಿಸಿದೆ. ಕಂಪನಿಯವನ ಫೋನು ಬಂತು: "ಕೊನೇಲಿ ಅದೇನು ಗಾಳಿ ಸದ್ದು? ತೆಗೀರಿ."

"ಅದು ಹಾಡಿದವರ ದನಿರಿ. ತೆಗೆಯಂಗಿಲ್ಲ."

ಕಂಪನಿ ಕೈಬಿಟ್ಟಿತು. ಬಿಡಲಿ. ನಾವೇ ಯೂಟ್ಯೂಬಿಗೆ ಹಾಕಿದೆವು, ಟಂಟಂಗಳ ಪೆನ್‌ಡ್ರೈವಿಗೂ ಹಾಕಿಕೊಟ್ಟೆವು. ಮೊನ್ನೆ ಅಫಜಲಪುರದಿಂದ ಘತ್ತರಗಿಗೆ ಹೋಗುವ ಟಂಟಂನಲ್ಲಿ ಕುಳಿತಿದ್ದೆ. ನಮ್ಮ ಆಲ್ಬಂ ಹಚ್ಚಿದ್ದ ಡ್ರೈವರಿಗೆ ನಾನು ಯಾರೆಂದು ಗೊತ್ತಿಲ್ಲ. ಕೊನೆಯ ಹಾಡಿನ ಆ ನಾಲ್ಕು ಸಾಲು ಬರುವ ಹೊತ್ತಿಗೆ ಆತ "ಜರಾ ಸುಮ್ಕಿರ್ರಿ" ಎಂದು ಹಿಂದಿದ್ದವರಿಗೆ ಹೇಳಿ, ವಾಲ್ಯೂಮ್ ಏರಿಸಿದ.