ತಂಡದಲ್ಲಿ ನನ್ನ ಸ್ಥಾನ

ಬಾಸ್ಕೆಟ್‌ಬಾಲ್ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಡೆದರೆ ತಪ್ಪು ಎಂಬುದು ನನಗೆ ತಿಳಿದದ್ದು, ನಮ್ಮ ಕಾಲೇಜಿನ ಮಹಿಳಾ ತಂಡದ ಮೇಲ್ವಿಚಾರಕಿಯಾದ ಮೇಲೆ. ನಾನು ರಸಾಯನಶಾಸ್ತ್ರ ಕಲಿಸುವವಳು. ಮೊದಲಿದ್ದ ಮೇಲ್ವಿಚಾರಕರು ನಿವೃತ್ತರಾದರು. ಅವರ ಜಾಗಕ್ಕೆ ಯಾರು ಎಂದು ಸಭೆಯಲ್ಲಿ ಚರ್ಚೆಯಾದ ದಿನ ನಾನು ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆದು ಕೂತಿದ್ದೆ. ಸಭೆಗೆ ಬಾರದವರಿಗೇ ಹೊಣೆ ಅಂಟುತ್ತದೆ ಎಂಬ ನಿಯಮ ಮೈಸೂರಿನಲ್ಲಿ ಹೇಗೋ ನೈರೋಬಿಯಲ್ಲೂ ಹಾಗೆಯೇ.

ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಈ ಸುದ್ದಿ ಹೇಳಿದಾಗ ನನ್ನವರು ಪತ್ರಿಕೆಯಿಂದ ತಲೆಯೆತ್ತಿ, “ಮೇಲಿನ ಶೆಲ್ಫಿಂದ ಹುಣಸೆಹಣ್ಣಿನ ಡಬ್ಬಿ ತೆಗೆಯೋಕೆ ನನ್ನ ಕರೀತೀಯ, ನಿಂಗೆ ಬಾಸ್ಕೆಟ್‌ಬಾಲಾ?” ಎಂದರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಮಗ ನಕ್ಕ ನಗುವಿಗೆ ಮಾತ್ರ ಭಾಷೆ ಇರಲಿಲ್ಲ.

ಅವಮಾನ ತಡೆಯಲಾರದೆ ಆ ಆಟದ ಚರಿತ್ರೆ ಓದಿದೆ. ಮೊದಮೊದಲು ಹಣ್ಣಿನ ಬುಟ್ಟಿಗಳನ್ನೇ ಎತ್ತರದಲ್ಲಿ ಕಟ್ಟಿ ಆಡುತ್ತಿದ್ದರಂತೆ. ಬುಟ್ಟಿಗೆ ತಳ ಇತ್ತು. ಚೆಂಡು ಬಿದ್ದಾಗಲೆಲ್ಲ ಯಾರಾದರೂ ಏಣಿ ಹತ್ತಿ ತೆಗೆಯಬೇಕು. ತಳ ಕಿತ್ತುಹಾಕಿದರೆ ಆಯಿತಲ್ಲ ಎಂದು ಯಾರಿಗೋ ಹೊಳೆಯುವವರೆಗೂ ಎಷ್ಟು ಜನ ಆ ಏಣಿ ಹತ್ತಿಳಿದರೋ ಪಾಪ. ನನ್ನ ಕೆಲಸವೂ ಹೆಚ್ಚುಕಡಿಮೆ ಏಣಿಯವರದ್ದೇ: ಬಸ್ಸಿಗೆ ಹೇಳುವುದು, ನೀರು ತರಿಸುವುದು, ಬಾಳೆಹಣ್ಣು ಹಂಚುವುದು.

ಜುಲೈ ತಿಂಗಳು. ಇಲ್ಲಿ ಅದು ಚಳಿಗಾಲ. ಮಧ್ಯಾಹ್ನವೂ ಬಿಸಿಲು ಕಾಣದ ಬೂದಿ ಆಕಾಶ. ಲೀಗ್ ಶುರುವಾಗುವುದಕ್ಕೆ ಸ್ವಲ್ಪವೇ ಸಮಯ ಉಳಿದಿತ್ತು. ಆಗ ಒಂದು ಸಂಜೆ ವಂಜಿರು ಅಭ್ಯಾಸಕ್ಕೆ ಬಂದಳು, ಬೆನ್ನಿಗೆ ಮಗು ಕಟ್ಟಿಕೊಂಡು.

ಹಿಂದಿನ ವರ್ಷ ತಂಡವನ್ನು ಆಡಿಸುತ್ತಿದ್ದವಳು ಅವಳೇ. ಚೆಂಡನ್ನು ಪುಟಿಸುತ್ತ ತಂದು ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವ ಜಾಗ ಅವಳದು. ನಡುವೆ ಮಗುವಾಯಿತು, ಓದು ಒಂದಷ್ಟು ಕಾಲ ನಿಂತಿತು. ಗಂಡನಿಗೆ ಮೊಂಬಾಸಾದ ಬಂದರಿನಲ್ಲಿ ಕೆಲಸ. ಇವಳು ಇಲ್ಲಿ ತಾಯಿಯ ಮನೆಯಲ್ಲಿ. ತಾಯಿ ನರ್ಸ್, ಸಂಜೆ ಪಾಳಿ. ಹೀಗಾಗಿ ಮಗುವೂ ಕೋರ್ಟಿಗೆ ಬಂತು. ಹುಡುಗಿಯರು ಸರದಿಯ ಮೇಲೆ ಎತ್ತಿಕೊಂಡರು, ಸರದಿಗಾಗಿ ಜಗಳವಾಡಿದರು, ಆಟ ಯಾರಿಗೂ ನೆನಪಾಗಲಿಲ್ಲ. ಕೋಚ್ ಒಟಿಯೆನೊ ಕೆಟ್ಟವರಲ್ಲ, ಆದರೆ ಅವರಿಗೆ ತಂಡ ಆರಿಸಬೇಕಿತ್ತು. ಮಗುವಿಗೆ ಬೇರೆ ವ್ಯವಸ್ಥೆ ಮಾಡಿಕೊಂಡು ಬಾ, ಇಲ್ಲದಿದ್ದರೆ ಈ ವರ್ಷ ಬಿಡು ಎಂದರು. ವಂಜಿರು ಮಗುವನ್ನು ಮತ್ತೆ ಬೆನ್ನಿಗೆ ಕಟ್ಟಿಕೊಂಡು ಹೊರಟಳು.

ನಾನು ಬಾಳೆಹಣ್ಣಿನ ಚೀಲ ಅಲ್ಲೇ ಬಿಟ್ಟು ಅವಳ ಹಿಂದೆ ಹೋದೆ. ಗೇಟಿನ ಹತ್ತಿರ ಸಿಕ್ಕಿದಳು. ನಾಳೆಯಿಂದ ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ.

“ನಿಮಗೆ ಅಭ್ಯಾಸ ಇದೆಯಾ ಮ್ಯಾಡಮ್?”

“ಆಟದ್ದು ಇಲ್ಲ. ಇದರದ್ದು ಇದೆ.”

ಅವಳು ಮಗುವಿನ ಕಾಲುಚೀಲ ಸರಿಮಾಡಿದಳು. ಆಮೇಲೆ “ಸವಾ” ಎಂದಳು. ಆಗಲಿ ಎಂದು.

ಮಗುವಿನ ಹೆಸರು ನ್ಯಾಂಬುರಾ. ವಂಜಿರುವಿನ ಅತ್ತೆಯ ಹೆಸರು. ಅವರಲ್ಲಿ ಮೊದಲ ಮಗಳಿಗೆ ಗಂಡನ ತಾಯಿಯ ಹೆಸರಿಡುವುದು ಪದ್ಧತಿ. ನಮ್ಮ ಕಡೆಯೂ ಹಾಗೆ ಇಡುವುದುಂಟು, ಸೊಸೆ ಅತ್ತೆಯ ಹೆಸರು ಹಿಡಿದು ಗದರುವುದಕ್ಕೆ ಅದೊಂದೇ ಅವಕಾಶ ಎಂದು ನಾನು ಹೇಳಿದಾಗ ವಂಜಿರು ಸುತ್ತ ನೋಡಿ, ಇಲ್ಲೂ ಅದೇ ಅನುಕೂಲ ಎಂದು ಮೆಲ್ಲಗೆ ಒಪ್ಪಿಕೊಂಡಳು. ನಾನು ನ್ಯಾಂಬುರಾಳೊಂದಿಗೆ ಕನ್ನಡದಲ್ಲೇ ಮಾತಾಡಿದೆ. ನೈರೋಬಿಯಲ್ಲಿ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡದ ಮಗು ಇದೊಂದೇ.

ಮಗುವಿನ ಚಿಂತೆ ಕಳೆದರೂ ವಂಜಿರುವಿನ ಕಾಲುಗಳು ಮೊದಲಿನಂತಾಗಲಿಲ್ಲ. ಓಟದಲ್ಲಿ ಕೊನೆಯವಳಾಗುತ್ತಿದ್ದಳು. ಈಗಿನ ನಾಯಕಿ ಅಕಿನಿ ಎತ್ತರದ, ಮಿತಮಾತಿನ ಹುಡುಗಿ. ಒಂದು ಸಂಜೆ ವಂಜಿರು ಎಸೆದ ಪಾಸ್ ಅಕಿನಿಯ ಹಿಂದೆ ಹಾದು ಬೇಲಿಗೆ ಬಡಿಯಿತು. ಮತ್ತೆ ಎಸೆದಳು, ಮತ್ತೆ ಬೇಲಿ. ವಂಜಿರು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, ಮುಖಕ್ಕೆ ಟವೆಲ್ ಮುಚ್ಚಿಕೊಂಡು ಅತ್ತಳು. ತಾಯಿ ಅತ್ತದ್ದು ಕಂಡು ನ್ಯಾಂಬುರಾ ಶುರುಮಾಡಿದಳು. ಇಬ್ಬರಲ್ಲಿ ಯಾರನ್ನು ಮೊದಲು ಸಮಾಧಾನ ಮಾಡಲಿ ಎಂದು ನನಗೆ ತೋಚಲಿಲ್ಲ.

ಅಕಿನಿ ಚೆಂಡು ಹಿಡಿದುಕೊಂಡು ಬಂದು ಅವಳೆದುರು ಕುಕ್ಕರುಗಾಲಿನಲ್ಲಿ ಕೂತಳು. “ನೀನು ನನ್ನ ಹೋದ ವರ್ಷದ ಜಾಗಕ್ಕೆ ಎಸೀತಿದ್ದೀಯ. ನೀನಿಲ್ಲದಾಗ ನಾನು ವೇಗವಾಗಿ ಓಡೋದು ಕಲಿತೆ. ಈಗ ಇನ್ನೂ ಮುಂದೆ ಇರ್ತೀನಿ, ಅಲ್ಲಿಗೆ ಎಸಿ.”

“ನನ್ನ ಕಾಲು?”

“ಕಾಲು ಬರುತ್ತೆ. ನಿನ್ನ ಕಣ್ಣು ನಮ್ಮಲ್ಲಿ ಯಾರಿಗೂ ಇಲ್ಲ.”

ವಂಜಿರು ಟವೆಲ್ಲಿನಿಂದ ಮೂಗೊರೆಸಿಕೊಂಡು ಎದ್ದಳು. ಅಂದು ಎಲ್ಲರೂ ಹೋದ ಮೇಲೂ ಅವರಿಬ್ಬರು ಚೆಂಡು ಎಸೆದಾಡಿದರು. ನಾನು ಸ್ವೆಟರಿನೊಳಗೆ ಮಗುವನ್ನು ಸೇರಿಸಿಕೊಂಡು, ತಣ್ಣಗಾದ ಚಹಾ ಕುಡಿಯುತ್ತ ಕಾದೆ. ಮನೆಗೆ ಹೋಗಬೇಕೆಂದು ಅನ್ನಿಸಲಿಲ್ಲ.

ಲೀಗಿಗೆ ಮೊದಲು ಲೊರೆಶೋ ಕಡೆಯ ಒಂದು ಕಾಲೇಜಿನೊಂದಿಗೆ ಅಭ್ಯಾಸ ಪಂದ್ಯವಿತ್ತು. ತಂಡಕ್ಕೆ ಯಾರು, ಯಾರಿಲ್ಲ ಎಂಬುದು ಅಲ್ಲಿ ತೀರ್ಮಾನವಾಗಬೇಕು. ಕೋಚ್ ವಂಜಿರುವನ್ನು ಹೆಚ್ಚಿನ ಹೊತ್ತು ಕೂರಿಸಿಯೇ ಇಟ್ಟರು. ಅವಳು ಬೆಂಚಿನ ತುದಿಯಲ್ಲಿ ಮಗುವಿಗೆ ಹಾಲೂಡಿಸುತ್ತ, ಕಣ್ಣು ಕೀಳದೆ ಆಟ ನೋಡುತ್ತಿದ್ದಳು. ಕೊನೆಯ ಭಾಗಕ್ಕೆ ಹೆಸರು ಕರೆದಾಗ ಮಗುವನ್ನು ನನ್ನ ಕೈಗಿಟ್ಟು ಓಡಿದಳು. ಅವಳ ಓಟ ಈಗಲೂ ನಿಧಾನವೇ. ಆದರೆ ಯಾರೂ ಇಲ್ಲದ ಜಾಗಕ್ಕೆ ಅವಳು ಚೆಂಡು ಎಸೆದಾಗ ನಾನು ಅಯ್ಯೋ ಎಂದುಕೊಳ್ಳುವಷ್ಟರಲ್ಲಿ ಅಕಿನಿ ಅಲ್ಲಿದ್ದಳು. ಬುಟ್ಟಿಯಿಂದ ಚೆಂಡು ಇಳಿಯಿತು. ಎರಡೂ ಕೈ ತುಂಬಿದ್ದರಿಂದ ನಾನು ಚಪ್ಪಾಳೆ ತಟ್ಟಲಾಗದೆ ನೆಲಕ್ಕೆ ಕಾಲು ಬಡಿದೆ.

ಒಂದೇ ಬುಟ್ಟಿಯ ಅಂತರದಲ್ಲಿ ಸೋತೆವು. ಕೋಚ್ ಬಸ್ಸಿನ ಬಾಗಿಲಲ್ಲಿ ನಿಂತು ತಂಡದ ಹೆಸರುಗಳನ್ನು ಹೇಳಿದರು. ವಂಜಿರು ಬದಲಿ ಆಟಗಾರ್ತಿ; ಪ್ರತಿ ಪಂದ್ಯದ ಕೊನೆಗೆ ಬರುವವಳು. ಅವಳಿಗೆ ಬೇಸರವಾಯಿತೇನೋ ಎಂದು ನಾನು ಮುಖ ನೋಡಿದೆ. “ಅಷ್ಟು ಹೊತ್ತು ಹೊರಗೆ ಕೂತು ಆಟ ನೋಡಿದ್ದು ಇದೇ ಮೊದಲು ಮ್ಯಾಡಮ್,” ಎಂದಳು, “ಇಲ್ಲಿಂದ ಎಷ್ಟೊಂದು ಕಾಣುತ್ತೆ.”

ಬಸ್ಸು ಹೊರಟಿತು. ಸೋತವರೆಂದು ಯಾರೂ ನಂಬದ ಹಾಗೆ ಹುಡುಗಿಯರು ಹಾಡಿದರು, ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ರಿವರ್‌ಸೈಡ್ ರಸ್ತೆಯ ಹತ್ತಿರ ತಿರುಗಿ ನೋಡಿದರೆ ವಂಜಿರು ಅಕಿನಿಯ ಭುಜಕ್ಕೆ ಒರಗಿ ನಿದ್ದೆಹೋಗಿದ್ದಳು, ನ್ಯಾಂಬುರಾ ಅವಳ ಎದೆಯ ಮೇಲೆ. ನಾನು ಚಾಲಕನ ಬಳಿ ಹೋಗಿ, “ಪೋಲೆ ಪೋಲೆ, ಮಗು ಮಲಗಿದೆ, ನಿಧಾನಕ್ಕೆ ಹೋಗಪ್ಪ” ಎಂದೆ. ಅವನು ಮುಂದೆ ಸಾಲುಗಟ್ಟಿ ನಿಂತಿದ್ದ ಮಟಾಟು ವ್ಯಾನುಗಳನ್ನು ತೋರಿಸಿ, ಬೇಗ ಹೋಗು ಅಂದರೆ ತಾನೇ ಕಷ್ಟ ಮ್ಯಾಡಮ್ ಎಂದು ನಕ್ಕ. ಇಷ್ಟು ವರ್ಷ ಈ ಊರಿನ ಟ್ರಾಫಿಕ್ಕನ್ನು ಎರಡು ಭಾಷೆಯಲ್ಲಿ ಬಯ್ದವಳು ನಾನು. ಆ ಸಂಜೆ ಅದು ಇನ್ನಷ್ಟು ಹೊತ್ತು ಹೀಗೆಯೇ ಇರಲಿ ಎಂದುಕೊಂಡು ಸೀಟಿಗೆ ಮರಳಿದೆ.