ಕಟ್ಟಿನ ಸಾರಿನ ಸಕ್ಕರೆ

ಬೇಡಕಿಹಾಳದಲ್ಲಿ ನಮ್ಮ ಅತ್ತೆಯಷ್ಟು ತೆಳ್ಳಗೆ ಹೋಳಿಗೆ ಮಾಡುವವರು ಇನ್ನೊಬ್ಬರಿರಲಿಲ್ಲ. ಯಾರಾದರೂ ಇಲ್ಲವೆಂದರೆ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಅಪ್ಪನ ತಂಗಿ ಅವಳು, ನಮ್ಮ ಹಿಂದಿನ ಓಣಿಗೇ ಕೊಟ್ಟಿದ್ದರು. ಯಾರ ಮನೆಯಲ್ಲಿ ಹಬ್ಬವಾದರೂ ಹೂರಣ ರುಬ್ಬುವ ಹೊತ್ತಿಗೆ ಅತ್ತೆಗೆ ಕರೆ ಬರುತ್ತಿತ್ತು. ಹೋಗಿ ಬುಟ್ಟಿ ತುಂಬ ಹೋಳಿಗೆ ಮಾಡಿಟ್ಟು, ಒಂದು ಚೂರನ್ನೂ ಬಾಯಿಗೆ ಹಾಕದೆ ಮನೆಗೆ ಬರುತ್ತಿದ್ದಳು. "ನನ್ನ ಹೊಟ್ಟಿಗಿ ಒಗ್ಗೂದಿಲ್ಲ" ಎನ್ನುತ್ತಿದ್ದಳು. ಒಗ್ಗೂದಿಲ್ಲ ಎಂದರೆ ವಾಯು. ಮುಚ್ಚಿಡುವಂಥದ್ದೇನಿದೆ, ಎಲ್ಲರ ಮನೆಯಲ್ಲೂ ಇರುವಂಥದ್ದೇ.

ಆದರೆ ಅತ್ತೆಗೆ ಅದು ದೊಡ್ಡ ಸಂಕಟವಾಗಿತ್ತು. ರಾಯಬಾಗದಲ್ಲಿ ಒಂದು ಮದುವೆಯ ಊಟ ಮುಗಿಸಿ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದಾಗ ಅವಳ ಹೊಟ್ಟೆ ಸುಮ್ಮನಿರಲಿಲ್ಲ. ಎದುರಿಗಿದ್ದವರು ಬಾಯಿಗೆ ಸೆರಗು ಹಿಡಿದು ನಕ್ಕರಂತೆ. ಅವತ್ತಿನಿಂದ ಹೋಳಿಗೆ ಊಟವಿದ್ದಲ್ಲಿ ಅತ್ತೆ ನಾಲ್ಕು ಜನರ ನಡುವೆ ಕೂರುವುದನ್ನೇ ಬಿಟ್ಟಳು.

ಅಂಥದ್ದರಲ್ಲಿ ಅವಳ ಮಗಳಿಗೆ ಅಥಣಿ ಕಡೆಯ ಸಂಬಂಧ ಕೂಡಿಬಂತು. ಮದುವೆ ನಿಶ್ಚಯಕ್ಕೆ ನಮ್ಮ ಕಡೆ ಸಾಖರಪುಡಾ ಎನ್ನುತ್ತಾರೆ. ಅವತ್ತು ಹುಡುಗಿಯ ತಾಯಿ ಹುಡುಗನ ತಾಯಿಯ ಮಗ್ಗುಲಲ್ಲೇ ಕೂತು ಉಣ್ಣಬೇಕು, ಉಂಡ ಮೇಲೆ ಎಲೆಅಡಿಕೆ ಹಾಕಿಕೊಂಡು ಬಿಸಿಲು ಇಳಿಯುವ ತನಕ ಮಾತಾಡಬೇಕು. ಎದ್ದು ಹೋದರೆ ಹೊಸ ಬೀಗರಿಗೆ ಅವಮಾನ. ಅತ್ತೆ ಊಟ ನಿದ್ದೆ ಬಿಟ್ಟಳು. "ನನಗ ಜ್ವರ ಬಂದಾವಂತ ಹೇಳಿಬಿಡ್ರಿ" ಎಂದು ಗಂಡನಿಗೆ, ಅಂದರೆ ನಮ್ಮ ಮಾಮನಿಗೆ, ಗಂಟುಬಿದ್ದಳು. ಮಗಳು ಮೂಲೆಯಲ್ಲಿ ಕೂತು ಅಳತೊಡಗಿದಳು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬಸ್ಸಿನಲ್ಲಿ ಜೋತುಬಿದ್ದು ಚಿಕ್ಕೋಡಿಗೆ ಹೋಗಿ ಬಿ.ಎಸ್‌ಸಿ. ಓದುತ್ತಿದ್ದೆ. ಕಬ್ಬಿನ ಊರಿನಲ್ಲಿ ಹುಟ್ಟಿದವಳಿಗೆ ಸಕ್ಕರೆ ಎಂದರೆ ಒಂದೇ, ಫ್ಯಾಕ್ಟರಿಯಿಂದ ಬರುವುದು. ಸಸ್ಯಶಾಸ್ತ್ರದ ಮೇಷ್ಟ್ರು ಆ ವಾರ ಬೇರೆಯೇ ಸಕ್ಕರೆಗಳ ಮಾತು ತೆಗೆದರು. ರಾಫಿನೋಸ್, ಸ್ಟ್ಯಾಕಿಯೋಸ್. ಕಾಳು ಗಿಡದ ಮೇಲೆ ಬಲಿತು ಒಣಗುವಾಗ ಇವನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದಂತೆ. ನೀರೆಲ್ಲ ಆರಿದರೂ ಒಳಗಿನ ಜೀವ ಕೆಡದಂತೆ ಇವು ಕಾಯುತ್ತವೆ. ಮುಂದೆ ನೆಲದಲ್ಲಿ ತೇವ ಸಿಕ್ಕು ಮೊಳಕೆ ಒಡೆಯುವಾಗ ಬೀಜ ಮೊದಲು ಇವನ್ನೇ ಉಣ್ಣುತ್ತದೆ. ವರ್ಷಗಟ್ಟಲೆ ಡಬ್ಬಿಯಲ್ಲಿ ಬಿದ್ದಿರುವ ಕಡಲೆ ಅದು ಹೇಗೆ ಬದುಕಿರುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಮೈ ಜುಮ್ಮೆಂದಿತು.

ಮೇಷ್ಟ್ರು ಅಲ್ಲಿಗೇ ಬಿಡಲಿಲ್ಲ. ಈ ಸಕ್ಕರೆಯನ್ನು ಕತ್ತರಿಸುವ ಕತ್ತರಿ ಮನುಷ್ಯರ ಹೊಟ್ಟೆಯಲ್ಲಿಲ್ಲ ಎಂದರು. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳು ಹಬ್ಬ ಮಾಡುತ್ತವೆ, ಆ ಹಬ್ಬದಲ್ಲಿ ಹುಟ್ಟುವುದೇ ವಾಯು. ಹುಡುಗರು ಗೊಳ್ಳೆಂದು ನಕ್ಕರು. ಆ ಜೀವಿಗಳಲ್ಲಿ ನಮಗೆ ಒಳ್ಳೆಯದು ಮಾಡುವವೂ ಇವೆ, ಹಿತಮಿತವಾಗಿದ್ದರೆ ಹೆದರಬೇಕಿಲ್ಲ ಎಂದೂ ಮೇಷ್ಟ್ರು ಹೇಳಿದರು. ಕೊನೆಗೆ, ಗಂಟೆ ಬಾರಿಸುವ ಹೊತ್ತಿಗೆ, ಈ ಸಕ್ಕರೆ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ನೆನೆಸಿದ ನೀರಿಗೂ ಬೇಯಿಸಿದ ನೀರಿಗೂ ಇಳಿದುಬಿಡುತ್ತದೆ ಎಂದರು.

ಬೇಯಿಸಿದ ನೀರು! ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಬಸಿದ ನೀರೇ ನಮ್ಮ ಕಟ್ಟು. ಅದಕ್ಕೆ ಮಸಾಲೆ, ಹುಣಸೆಹುಳಿ ಹಾಕಿ ಕುದಿಸಿದರೆ ಕಟ್ಟಿನ ಸಾರು. ಹೊಟ್ಟೆ ಸರಿಯಿಲ್ಲದವರಿಗೆ ನಮ್ಮೂರಲ್ಲಿ ಎಲ್ಲರೂ ಕೊಡುವ ಬುದ್ಧಿಮಾತು ಒಂದೇ: ಹೋಳಿಗೆ ಜಡ, ಸಾರು ಹಗುರ.

ಬಸ್ಸಿಳಿದವಳು ನಮ್ಮ ಮನೆಗೆ ಹೋಗದೆ ಅತ್ತೆಯ ಮನೆಗೆ ಓಡಿದೆ.

"ಅತ್ತಿ, ರಾಯಬಾಗದ ಮದುವ್ಯಾಗ ನೀ ಏನ್ ಉಂಡಿದ್ದಿ ಬೇ?"

"ಹೋಳಿಗಿ ಮುಟ್ಟಿದ್ದೇ ಇಲ್ಲಲೇ ನಾ. ಅನ್ನದಾಗ ಸಾರು ಕಲಿಸಿಕೊಂಡು ಉಂಡ್ನಿ. ಮ್ಯಾಲ ಎರಡ ವಾಟಗಾ ಸಾರು ಕುಡದ್ನಿ, ಹಗುರಂತ ಹೇಳಿ."

ನಾನು ಕುಣಿದುಬಿಟ್ಟೆ. ಪುಸ್ತಕದ ಚೀಲ ಕಟ್ಟೆಯ ಮೇಲಿಂದ ಉರುಳಿ ಬಿತ್ತು. ಬೀಜದ ಕಥೆ, ಕತ್ತರಿ, ಹಬ್ಬ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಹೋಳಿಗೆಗಿಂತ ಸಾರೇ ಹೆಚ್ಚು ಕಾಟ ಕೊಡುವುದು ಎಂದೆ. ಅತ್ತೆ ಸೊಂಟಕ್ಕೆ ಕೈಯಿಟ್ಟಳು.

"ಕಟ್ಟು ಚೆಲ್ಲಂತೀಯೇನ? ನಿಂದೇನ ತಲಿಗಿಲಿ ಕೆಟ್ಟೈತೇನ?"

"ಚೆಲ್ಲಬ್ಯಾಡ. ಎಮ್ಮಿಗಿ ಹಾಕು. ಅದಕ್ಕ ಯಾವ ಬೀಗರ ಕಾಟಾನೂ ಇಲ್ಲ."

ಮಾಮ ನಕ್ಕದ್ದಕ್ಕೋ ಮಗಳು ಕಣ್ಣೊರೆಸಿಕೊಂಡು ಎದ್ದು ಬಂದದ್ದಕ್ಕೋ, ಅತ್ತೆ ಒಪ್ಪಿದಳು. ಸಾಖರಪುಡಾಕ್ಕೆ ಮುಂಚೆ ಬಂದ ಅಮಾವಾಸ್ಯೆಯ ದಿನ, ಪರೀಕ್ಷೆಗೆಂದು, ಬೇಳೆಯನ್ನು ಬೆಳಗ್ಗೆಯೇ ನೆನೆಹಾಕಿ ಆ ನೀರನ್ನು ಚೆಲ್ಲಿದೆವು. ಬೇರೆ ನೀರಿನಲ್ಲಿ ಧಾರಾಳವಾಗಿ ಬೇಯಿಸಿ ಬಸಿದೆವು. ಕಟ್ಟು ಎಮ್ಮೆಯ ಪಾಲಾಯಿತು. ಹಾಗಂತ ಸಕ್ಕರೆಯೆಲ್ಲ ಹೋಗಿಬಿಡುವುದಿಲ್ಲ, ಒಂದಿಷ್ಟು ಬೇಳೆಯಲ್ಲೇ ಉಳಿಯುತ್ತದೆ. ಅದನ್ನು ನಾನು ಜಾಣತನದಿಂದ ಅತ್ತೆಗೆ ಹೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳು ತಾನು ಮಾಡಿದ ಹೋಳಿಗೆಯನ್ನು ಹಾಲು ತುಪ್ಪ ಹಾಕಿಕೊಂಡು ತಿಂದಳು. ಮಾಮ ರೇಡಿಯೋ ಬಂದ್ ಮಾಡಿದ. ನಾವೆಲ್ಲ ರಿಸಲ್ಟಿಗೆ ಕಾದವರ ಹಾಗೆ ಅವಳ ಸುತ್ತ ಕೂತೆವು. ಚಹಾದ ಹೊತ್ತಾಯಿತು. ಏನೂ ಆಗಲಿಲ್ಲ.

"ಸುಮ್ಮನ ಐತ್ರಿ" ಎಂದಳು ಅತ್ತೆ ಮಾಮನ ಕಡೆ ನೋಡಿ. ಅವಳ ಕಣ್ಣು ತುಂಬಿ ಬಂತು. ನನಗೆ ಫಸ್ಟ್ ಕ್ಲಾಸ್ ಬಂದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಸಾಖರಪುಡಾದ ದಿನ ಬೀಗರು ಟ್ರ್ಯಾಕ್ಸ್ ತುಂಬಿಕೊಂಡು ಬಂದರು. ಸಾರಿಲ್ಲದ ಹೋಳಿಗೆ ಊಟಕ್ಕೆ ಬೀಗರು ಮುಖ ತಿರುವುತ್ತಾರೆಂದು ಅತ್ತೆ ಅವತ್ತಿನ ಕಟ್ಟನ್ನು ಎಮ್ಮೆಗೆ ಕೊಡದೆ ಬಂದವರಿಗೆಲ್ಲ ಸಾರು ಮಾಡಿಸಿದ್ದಳು. ಇಳಕಲ್ ಸೀರೆ ಉಟ್ಟು ಹುಡುಗನ ತಾಯಿಯ ಮಗ್ಗುಲಲ್ಲಿ ಕೂತಳು. ಬಡಿಸುತ್ತಿದ್ದವಳು ನಾನು. ಬೀಗತಿಯ ತಾಟಿಗೆ ಹೋಳಿಗೆ ಹಾಕಹೋದರೆ ಆಕೆ ಎರಡೂ ಕೈ ಅಡ್ಡ ಹಿಡಿದರು.

"ನನಗ ಬ್ಯಾಡ್ರಿ. ಸಾರಷ್ಟ ಹಾಕ್ರಿ, ಕುಡೀತೀನಿ" ಎಂದವರು ಅತ್ತೆಯ ಕಿವಿಯ ಹತ್ತಿರ ಬಗ್ಗಿದರು. "ನನ್ನ ಹೊಟ್ಟಿ ಭಾಳ ನಾಜೂಕ ನೋಡ್ರಿ. ಮುಂದ ನಾಕ ಮಂದ್ಯಾಗ ಕುಂಡ್ರಬೇಕಲ್ರಿ."

ನನ್ನ ಕೈಯಲ್ಲಿನ ಹೋಳಿಗೆ ಅಲ್ಲೇ ನಿಂತಿತು. ಅತ್ತೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಗು ತಡೆಯಲು ನಾನು ತುಟಿ ಕಚ್ಚಿಕೊಂಡೆ. ಅತ್ತೆ ನಗಲಿಲ್ಲ. ಬೀಗತಿಯ ಮುಂದಿದ್ದ ಸಾರಿನ ವಾಟಗಾವನ್ನು ಮೆಲ್ಲಗೆ ಆಚೆ ಸರಿಸಿ, ನನ್ನ ಕೈಯಿಂದ ಹೋಳಿಗೆ ತೆಗೆದುಕೊಂಡು ಅವರ ತಾಟಿಗೆ ತಾನೇ ಹಾಕಿದಳು. ಮೇಲೆ ತುಪ್ಪ ಸುರಿದಳು.

"ಸಾರು ಕುಡದು ನಾನೂ ಕಷ್ಟ ಪಟ್ಟೀನ್ರಿ" ಎಂದಳು. "ಇದನ್ನ ಉಣ್ರಿ. ನಾ ನಿಮ್ಮ ಮಗ್ಗಲದಾಗ ಅದೀನಿ."