ಎಲೆ ಪಾಲಯ್ಯ ಜಪಾನಿನಲ್ಲಿ ಎಲೆ ನೋಡಿದ್ದು

ದಾವಣಗೆರೆಯ ವೀಳ್ಯದೆಲೆ ಮಾರುಕಟ್ಟೆಯಲ್ಲಿ ಪಾಲಯ್ಯ ಕಣ್ಣು ಮುಚ್ಚಿದನೆಂದರೆ ಸುತ್ತಲಿನವರು ಬಾಯಿ ಮುಚ್ಚಬೇಕು. ಹದಡಿಯಿಂದಲೋ ಸಾರಥಿಯಿಂದಲೋ ಹಳ್ಳಿಯ ರೈತರು ತಂದ ಎಲೆಯ ಪೆಂಡಿ ಬಿಚ್ಚಿಸಿ, ಒಂದು ಎಲೆಯನ್ನು ಬೆರಳ ನಡುವೆ ಸವರಿ, ಕಿವಿಯ ಹತ್ತಿರ ತೊಟ್ಟು ಮುರಿದು, ಮೂಸಿ, "ಮಾಲು ಚೆಂದೈತೆ" ಎಂದೋ, "ಹಣ್ಣೆಲೆ, ವಾಪಸ್ ಒಯ್ರಿ" ಎಂದೋ ತೀರ್ಪು ಕೊಡುತ್ತಿದ್ದ. ಮೂವತ್ತು ವರ್ಷದಲ್ಲಿ ಆ ತೀರ್ಪು ತಪ್ಪಿದ್ದು ಯಾರಿಗೂ ನೆನಪಿಲ್ಲ. ಕಣ್ಣು ಮುಚ್ಚಿಕೊಂಡೇ ಎಲೆ ನೋಡುವ ಭೂಪ ಎಂದು ಹೆಸರಾಗಿತ್ತು.

ಭೂಪ ಕಣ್ಣು ಮುಚ್ಚುತ್ತಿದ್ದ ಕಾರಣವೇ ಬೇರೆ. ತೆರೆದರೂ ಪ್ರಯೋಜನವಿರಲಿಲ್ಲ. ಕೆಂಪು, ಹಸಿರು, ಕಂದು ಮೂರೂ ಅವನಿಗೆ ಒಂದೇ ರಾಡಿ ನೀರಿನ ಬಣ್ಣ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಸ್ ಡ್ರೈವರ್ ಆಗಲು ಹೋಗಿ, ಕಣ್ಣು ಪರೀಕ್ಷೆಯ ಪುಸ್ತಕದಲ್ಲಿ ಚುಕ್ಕಿಗಳ ನಡುವೆ ಅಡಗಿದ್ದ ಅಂಕಿ ಕಾಣದೆ ಫೇಲಾಗಿ ಬಂದವನು ಆ ಸುದ್ದಿಯನ್ನು ಹೆಂಡತಿ ಉಚ್ಚೆಂಗೆಮ್ಮನಿಗೂ ಹೇಳಲಿಲ್ಲ. ಹಸಿರು ಯಾವುದೆಂದೇ ತಿಳಿಯದ ಎಲೆ ವ್ಯಾಪಾರಿಯ ಹತ್ತಿರ ಯಾವ ರೈತ ಬಂದಾನು? ಈ ಭಯವನ್ನು ಕಟ್ಟಿಕೊಂಡೇ ಬಡಪಾಯಿ ಅಷ್ಟು ವರ್ಷ ಬಾಳಿದ್ದ.

ಹೀಗಿರುವಾಗ ಹರಿಹರದಲ್ಲಿ ಕ್ರಿಮಿನಾಶಕದ ಅಂಗಡಿ ಇಟ್ಟಿರುವ ಗೆಳೆಯ ತಿಮ್ಮೇಶ್ ಫೋನ್ ಮಾಡಿದ. ಗುರಿ ಮೀರಿ ಮಾರಾಟ ಮಾಡಿದ್ದಕ್ಕೆ ಕಂಪನಿಯವರು ಮೂವರಿಗೆ ಜಪಾನ್ ಪ್ರವಾಸ ಕೊಟ್ಟಿದ್ದರಂತೆ. ನವೆಂಬರಿನಲ್ಲಿ, ಹೋಗಿಬರುವುದು ಬಿಟ್ಟು ಅಲ್ಲಿ ಶನಿವಾರ, ಭಾನುವಾರ ಎರಡು ದಿನ. ಇವರ ಜೊತೆಗೇ ಓದಿದ್ದ ಡ್ರಾಯಿಂಗ್ ಮೇಷ್ಟ್ರು ಅಂಜನಕುಮಾರ ಆಗಲೇ ಹೂಂ ಎಂದಾಗಿತ್ತು.

"ಅಲ್ಲಿ ಗುಡಿಗುಡಿಗೆ ಹೋಗಿ ಎಲೆ ನೋಡೋದಂತಪ," ಎಂದ ತಿಮ್ಮೇಶ್. "ಎಲೆ ಅಂದ್ಮ್ಯಾಲೆ ನೀನಿಲ್ದೆ ಹೆಂಗೆ?"

ಮಾರುಕಟ್ಟೆಯಲ್ಲಿ ಎಲೆ ಅಂದರೆ ವೀಳ್ಯದೆಲೆ ಒಂದೇ, ಉಳಿದದ್ದೆಲ್ಲ ಸೊಪ್ಪು. ಜಪಾನಿನ ದೇವರಿಗೂ ಎಲೆ ಅಡಿಕೆ ಇಡುತ್ತಾರೆಂದುಕೊಂಡ ಪಾಲಯ್ಯ, ದಾವಣಗೆರೆಯ ಮಾಲು ಹೇಗಿರುತ್ತದೆ ಎಂದು ಅವರಿಗೂ ಗೊತ್ತಾಗಲಿ ಎಂದು ಎರಡು ಕಟ್ಟು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಕೈಗವಸು ತೊಟ್ಟ ಅಧಿಕಾರಿ ಎರಡನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಒಯ್ದ. ಎಲೆ ನೋಡಲು ಕರೆದು ಎಲೆ ಕಿತ್ತುಕೊಳ್ಳುವ ದೇಶವನ್ನು ಪಾಲಯ್ಯ ಅದೇ ಮೊದಲು ಕಂಡಿದ್ದು.

ಕ್ಯೋಟೊ ಊರಿಗೆ ಹೋಗುವ ಬಸ್ಸಿನಲ್ಲಿ ಅಂಜನಕುಮಾರ ವಿಷಯ ಬಿಡಿಸಿ ಹೇಳಿದ. ಇಲ್ಲಿ ಚಳಿ ಬರುವ ಮುಂಚೆ ಮೇಪಲ್ ಮರದ ಎಲೆ ಕೆಂಪಾಗುತ್ತದೆ, ಜನ ಅದನ್ನು ನೋಡಲು ಬರುತ್ತಾರೆ. ನಾವು ಮೋರಿಗೆ ಚೆಲ್ಲುವ ಹಣ್ಣೆಲೆಯನ್ನು ಇವರು ಗುಡಿಗೆ ಬಂದು ನೋಡುತ್ತಾರಾ ಎಂದು ಪಾಲಯ್ಯ ಮೊದಲು ನಕ್ಕ. ಆಮೇಲೆ 'ಕೆಂಪು' ಎಂಬ ಮಾತು ತಲೆಗೆ ಹತ್ತಿ, ಆ ಚಳಿಯಲ್ಲೂ ಬೆವರಿದ.

ದೇವಸ್ಥಾನದ ಅಂಗಳದಲ್ಲಿ ಜನ ಹಿಂಡುಗಟ್ಟಿ ಮರಗಳನ್ನು ನೋಡುತ್ತಿದ್ದರು. ಅಂಜನಕುಮಾರ ಕಣ್ಣಲ್ಲಿ ನೀರು ತಂದುಕೊಂಡು ಬಾಯಿ ತೆರೆದು ನಿಂತಿದ್ದ. ಪಾಲಯ್ಯನೂ ಅವನ ಮುಖ ನೋಡಿ ನೋಡಿ ಅಷ್ಟೇ ಬಾಯಿ ತೆರೆದ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ತಿಮ್ಮೇಶ್ ಸುಮ್ಮನಿರಬೇಕಲ್ಲ, ಈತ ನಮ್ಮ ಕಡೆ ಎಲೆ ನೋಡುವುದರಲ್ಲಿ ಬಹಳ ದೊಡ್ಡವನು ಎಂದು ಜೊತೆಗಿದ್ದ ಗೈಡ್ ಹೆಂಗಸಿನ, ಮಾತು ಅನುವಾದಿಸುವ ಮೊಬೈಲಿಗೆ ಹೇಳಿದ. ಮೊಬೈಲು ಅದನ್ನು ಜಪಾನಿ ಭಾಷೆಯಲ್ಲಿ ಏನೆಂದು ಹೇಳಿತೋ, ಅಲ್ಲಿನ ಮುದಿ ಗುರುಗಳು ಓಡಿಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅಂಗಳದ ಐದು ಮರಗಳಿಂದ ಒಂದೊಂದು ಎಲೆ ತಟ್ಟೆಯಲ್ಲಿಟ್ಟು, ಯಾವುದು ಶ್ರೇಷ್ಠ ಎಂದು ಕೇಳಿದರು. ನಲವತ್ತು ಜನ ಸುತ್ತ ನೆರೆದರು.

ಪಾಲಯ್ಯ ಕಣ್ಣು ಮುಚ್ಚಿದ. ಸವರಿದ, ಕಿವಿಗೆ ಹಿಡಿದು ತೊಟ್ಟು ಮುರಿದ, ಮೂಸಿದ. ಕೊನೆಗೆ ಐದನೆಯದನ್ನು ಎತ್ತಿ ಹಿಡಿದು ಹೇಳಿದ: "ಇದೊಂದೇ ಮಾಲು. ಉಳಿದವೆಲ್ಲ ಹಣ್ಣೆಲೆ, ವಾಪಸ್ ಒಯ್ರಿ."

ಮೊಬೈಲು ಅದನ್ನೂ ಹೇಳಿತು. ಗುರುಗಳು ಬಹಳ ಹೊತ್ತು ಆ ಎಲೆಯನ್ನೇ ನೋಡಿ, ಮೂಲೆಯಲ್ಲಿದ್ದ ಒಂದು ಮರದ ಮುಂದೆ ಹೋಗಿ ಕೈಮುಗಿದು ನಿಂತರು. ನಲವತ್ತು ಜನರೂ ಮಿಕ್ಕ ಮರಗಳಿಗೆ ಬೆನ್ನು ಹಾಕಿ ಆ ಮೂಲೆಯ ಮರದ ಫೋಟೊ ತೆಗೆಯತೊಡಗಿದರು. ಏನೋ ಎಡವಟ್ಟಾಗಿದೆ ಎಂದು ಪಾಲಯ್ಯನಿಗೆ ಅನ್ನಿಸಿತು. ಹೆದರಿಕೆಯಲ್ಲಿ ನಾಲಿಗೆ ತಾನೇ ಆಡಿಬಿಟ್ಟಿತು.

"ತಿಮ್ಮೇಶಿ, ನಾ ಆರಿಸಿದ್ದು ಕೆಂಪು ಹೌದಲ್ಲ?"

"ಹಸಿರು," ಎಂದ ತಿಮ್ಮೇಶ್. "ಇಡೀ ಅಂಗಳದಾಗ ಬಣ್ಣ ತಿರುಗದೇ ಇರೋದು ಅದೊಂದೇ ಮರ."

ಪಾಲಯ್ಯ ಕಲ್ಲುಕಟ್ಟೆಯ ಮೇಲೆ ಕೂತು, ಇನ್ನು ನಿಮಗೂ ಗೊತ್ತಾಯಿತು, ಮಾರುಕಟ್ಟೆಗೂ ಗೊತ್ತಾಗುತ್ತದೆ, ನನ್ನ ಕಥೆ ಮುಗಿಯಿತು ಎಂದ. ಗೆಳೆಯರಿಬ್ಬರೂ ಮುಖ ಮುಖ ನೋಡಿಕೊಂಡರು.

"ಗೊತ್ತಾಗೋದೇನು ಉಳಿದೈತೆ?" ಎಂದ ತಿಮ್ಮೇಶ್. "ಹದಡಿಯವರಿಗೆ ಗೊತ್ತು, ಸಾರಥಿಯವರಿಗೆ ಗೊತ್ತು. ಉಚ್ಚೆಂಗೆಮ್ಮಗ ಮದುವೆಯಾದ ವಾರಕ್ಕೇ ಗೊತ್ತಾಗೈತೆ."

"ನಿನ್ನ ಕಣ್ಣು ನಂಬಿ ಯಾರು ಎಲೆ ತಂದಿದ್ರು?" ಎಂದ ಅಂಜನಕುಮಾರ. "ಕೈ ನಂಬಿ ತಂದಿದ್ದು."

ಸಮಾಧಾನವಾಗಬೇಕಾದ ಜಾಗದಲ್ಲಿ ಪಾಲಯ್ಯನಿಗೆ ಕೆಟ್ಟ ಸಿಟ್ಟು ಬಂತು. ಮೂವತ್ತು ವರ್ಷ ಒಬ್ಬನೇ ಹೆದರಿಕೊಂಡು ಸತ್ತಿದ್ದೇನೆ, ಒಬ್ಬರಾದರೂ ಬಾಯಿ ಬಿಡಬಾರದಿತ್ತೇ ಎಂದು ಇಬ್ಬರನ್ನೂ ಬಯ್ದ. ಊರಲ್ಲಿದ್ದ ಹೆಂಡತಿಯನ್ನೂ ಸೇರಿಸಿ ಬಯ್ದ. ಮುಂದಿನ ದೇವಸ್ಥಾನದವರೆಗೆ ಬಸ್ಸಿನ ಬೇರೆ ಸೀಟಿನಲ್ಲಿ ಕೂತ.

ಅಲ್ಲಿ ಇಳಿದ ಮೇಲೆ ಮೊದಲನೆಯ ಮರದ ಕೆಳಗೆ ನಿಂತುಬಿಟ್ಟ. ಅಂಜನಕುಮಾರ ಹತ್ತಿರ ಬರುವವರೆಗೂ ಕಾದು, ಹುಟ್ಟಿ ಐವತ್ತೈದು ವರ್ಷದಲ್ಲಿ ಯಾರನ್ನೂ ಕೇಳದ ಮಾತು ಕೇಳಿದ.

"ಮೇಷ್ಟ್ರೇ, ಇದು ಯಾವ ಬಣ್ಣ ಐತೆ?"

ಅಂಜನಕುಮಾರ ಹೇಳಿದ. ಪಾಲಯ್ಯ ಮುಂದಿನ ಮರಕ್ಕೆ ಹೋಗಿ ಮತ್ತೆ ಕೇಳಿದ. ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದರೂ ಒಂದು ಮರವನ್ನೂ ಬಿಡಲಿಲ್ಲ.